ದಿಲ್‌ಮಾಯಾಳ ಗಿರಣಿ ಮುಂದಿನ ಪಾಳಿ

ಮೊರಬ

ನೇಪಾಳಕ್ಕೆ ಹೋಗಿ ಬಂದವರು ಹಿಮ ನೋಡಿದೆವು, ಗುಡಿ ನೋಡಿದೆವು ಅನ್ನುತ್ತಾರೆ. ನಾನು ನೋಡಿದ್ದು ಒಂದು ಟವರು, ಒಂದಿಷ್ಟು ತಂತಿ ಮತ್ತು ಒಂದು ಸಾಲು ಬುಟ್ಟಿ. ಹಿಮವೂ ಇತ್ತು, ದೂರದಲ್ಲಿ. ಸಿಟ್ಟಿನಲ್ಲಿದ್ದವಳಿಗೆ ಅದನ್ನು ನಿಂತು ನೋಡುವ ತಾಳ್ಮೆ ಇರಲಿಲ್ಲ.

ನವಲಗುಂದ ತಾಲೂಕಿನ ಮೊರಬದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಬೋರ್ಡಿನ ಮೇಲೆ ನಮ್ಮ ಮನೆಯವರು ಇಮಾಮಸಾಬರ ಹೆಸರಿದೆ, ನಡೆಸುವವಳು ಹಸೀನಾ ಎಂಬ ನಾನು. ನಮ್ಮ ಮನೆಯವರು ಬಹಳ ಶಾಂತ ಮನುಷ್ಯ. ಮೈಮೇಲೆ ಸೂರು ಬಿದ್ದರೂ "ಹೋಗ್ಲಿ ಬಿಡ" ಅನ್ನುವ ಪೈಕಿ. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗುತ್ತದೆ. ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದಾಗ ಮಾತ್ರ ಪೂರ್ತಿ ಕನ್ನಡ. ಆದ್ದರಿಂದ ಈ ಪ್ರವಾಸದಲ್ಲಿ ನಾವು ಆಡಿದ್ದು ಬಹುತೇಕ ಕನ್ನಡವೇ.

ಮನೆಯ ದೀಪ ಉರಿಸುವ ಕರೆಂಟು ಬೇರೆ, ಗಿರಣಿ ಎಳೆಯುವ ಕರೆಂಟು ಬೇರೆ. ಗಿರಣಿಗೆ ತ್ರೀ ಫೇಸ್ ಬೇಕು. ಅದು ನಮ್ಮೂರಿಗೆ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಬಿಡುವವರಿಗೇ ಗೊತ್ತು. ಎರೆ ಹೊಲಗಳ ಮೇಲೆ ದೊಡ್ಡ ದೊಡ್ಡ ಟವರುಗಳು ಅಣ್ಣಿಗೇರಿ ಕಡೆ ಸಾಲು ಹಿಡಿದು ಹೋಗಿವೆ. ನಮ್ಮ ತಲೆಯ ಮೇಲೆ ಗುಂಯ್ ಅನ್ನುತ್ತ ಕರೆಂಟು ಹಾದು ಹೋಗುತ್ತದೆ, ಕೆಳಗೆ ನನ್ನ ಗಿರಣಿ ಸುಮ್ಮನೆ ಕೂತಿರುತ್ತದೆ. ಕೇಳಿದರೆ, "ಅದು ನಿಮಗಲ್ರಿ, ಮುಂದ ಹೊಕ್ಕೈತಿ" ಅನ್ನುತ್ತಾರೆ. ಮುಂದೆ ಅಂದರೆ ಎಲ್ಲಿ ಎಂದು ಇವತ್ತಿನವರೆಗೂ ಯಾರೂ ಹೇಳಿಲ್ಲ.

ಹೀಗಾಗಿ ನಮ್ಮಲ್ಲಿ ಮನುಷ್ಯರು ಪಾಳಿ ಹಚ್ಚುವುದಿಲ್ಲ, ಬುಟ್ಟಿಗಳು ಹಚ್ಚುತ್ತವೆ. ಜೋಳದ ಬುಟ್ಟಿ, ಗೋಧಿ ಡಬ್ಬಿ, ಕಡಲೆಯ ಚೀಲ ಗಿರಣಿಯ ಬಾಗಿಲಿನಿಂದ ಓಣಿಯವರೆಗೆ ಸಾಲಾಗಿ ಕೂತಿರುತ್ತವೆ. ಇಟ್ಟವರು ಹೊಲಕ್ಕೆ ಹೋಗಿರುತ್ತಾರೆ. ತ್ರೀ ಫೇಸ್ ಬಂದು ಗಿರಣಿಯ ಕೆಂಪು ಬಲ್ಬು ಹತ್ತಿದ ಕೂಡಲೇ ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಸ್ಟಾರ್ಟರ್ ಒತ್ತುತ್ತೇನೆ. ಯಾರ ಬುಟ್ಟಿ ಮೊದಲು ಬಂದಿದೆಯೋ ಅವರದು ಮೊದಲು. ಇನ್ನೊಬ್ಬರ ಬುಟ್ಟಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ಊರಿನ ದೊಡ್ಡ ಮನೆಯ ಆಳು ತನ್ನ ಧಣಿಯ ಡಬ್ಬಿಯನ್ನು ಮುಂದೆ ಸರಿಸಿದ್ದಕ್ಕೆ, ಅದನ್ನು ಬೀಸದೆ ಅವನ ತಲೆಯ ಮೇಲೆ ಹೊರಿಸಿ ಕಳಿಸಿದ್ದೆ. ಆಗ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೋಡಿದವನು ನನ್ನ ತಮ್ಮ ರಾಜೇಸಾಬ. ತಾಯಿ ತೀರಿದ ಮೇಲೆ ಅವನು ನನ್ನ ಗಿರಣಿಯಲ್ಲೇ ಬೆಳೆದ.

ಈಗ ಅವನು ಟವರಿನಿಂದ ಟವರಿಗೆ ತಂತಿ ಎಳೆಯುವ ಗುತ್ತಿಗೆದಾರ ಕಂಪನಿಯೊಂದರಲ್ಲಿ ಫೋರ್‌ಮನ್. ನೇಪಾಳದ ಗುಡ್ಡಗಳಿಂದ ನಮ್ಮ ದೇಶದ ಗಡಿಯವರೆಗೆ ಹಾಕುತ್ತಿದ್ದ ಲೈನಿನ ಮೇಲೆ ಕೆಲಸ ಮಾಡುತ್ತಿದ್ದ. ಇತ್ತ ನನ್ನ ಮಗಳು ಶಬಾನಾಳ ನಿಕಾಹ ಗೊತ್ತಾಗಿತ್ತು. ನಿಕಾಹದಲ್ಲಿ ಹುಡುಗಿಯ ಕಡೆಯಿಂದ ಒಬ್ಬರು ವಕೀಲರಾಗುತ್ತಾರೆ. ಕರಿ ಕೋಟಿನ ವಕೀಲರಲ್ಲ. ಒಳಗೆ ಕೂತ ಹುಡುಗಿಯ ಹತ್ತಿರ ಹೋಗಿ, ಈ ಮದುವೆ ನಿನಗೆ ಒಪ್ಪಿಗೆಯೇ ಎಂದು ಕೇಳಿ, ಅವಳ ಮಾತನ್ನು ತಂದು ಹೊರಗಿನವರಿಗೆ ಹೇಳುವವರು. ನಮ್ಮ ಮನೆತನದಲ್ಲಿ ಅದು ಸೋದರಮಾವನ ಕೆಲಸ. ಶಬಾನಾ ಅಂತೂ ಚಿಕ್ಕಂದಿನಿಂದ, "ಮಾಮಾ ಬಂದು ಕೇಳಿದ್ರ ಅಷ್ಟ ನಾ ಹೂಂ ಅನ್ನಾಕಿ" ಎಂದು ಹೇಳಿಕೊಂಡೇ ಬೆಳೆದವಳು.

ತಮ್ಮ ಫೋನಿನಲ್ಲಿ, "ಅಕ್ಕಾ, ಕೆಲಸ ನಿಂತೈತಿ. ತಂತಿ ಎಳದು ಮುಗಿಯೂತನಾ ಸೂಟಿ ಇಲ್ಲಂತ" ಎಂದ.

"ಎಳದು ಮುಗಸಲೇ ಮತ್ತ! ಯಾರು ಬ್ಯಾಡಂದಾರ?"

"ಊರ ಹೆಣ್ಣಮಕ್ಕಳು ಬಿಡವಲ್ರು."

ನನ್ನ ತಲೆ ಕೆಟ್ಟಿತು. ಯಾವುದೋ ಊರಿನ ಯಾರೋ ಹೆಂಗಸರು ನನ್ನ ಮಗಳ ಮದುವೆಗೆ ಅಡ್ಡ ಕೂತಿದ್ದಾರೆ! ಗಿರಣಿಗೆ ಬೀಗ ಹಾಕಿ, ತಮ್ಮನನ್ನು ಕಿವಿ ಹಿಡಿದು ಕರೆತರಲು ಹೊರಟೆ. ಜೊತೆಗೆ ಒಂದು ಚೀಲ ಬಿಳಿಜೋಳ ತೆಗೆದುಕೊಂಡೆ. ಅಲ್ಲಿ ಬರೀ ಅನ್ನ ತಿಂದು ಬಾಯಿ ಸತ್ತಿದೆ ಎಂದು ಅವನು ಗೋಳಾಡುತ್ತಿದ್ದ.

"ಹಿಟ್ಟ ಬೀಸ್ಕೊಂಡು ಒಯ್ಯೂಣು, ಕಾಳು ಯಾಕ?" ಎಂದರು ನಮ್ಮ ಮನೆಯವರು.

"ಹಿಟ್ಟು ಅಲ್ಲಿಗೆ ಮುಟ್ಟೂದ್ರಾಗ ಜಿಗಿ ಕಳಕೊಂತೈತ್ರಿ. ರೊಟ್ಟಿ ಬಡದ್ರ ಹರಿತಾವು. ಅಲ್ಲೇ ಬೀಸಿದ್ರಾತು. ಗಿರಣಿ ಇಲ್ಲದ ಊರು ಎಲ್ಲ್ಯರೆ ಇರತೈತೇನ್ರಿ?"

ಅವರು "ಹೋಗ್ಲಿ ಬಿಡ" ಎಂದು ಚೀಲವನ್ನು ಹೆಗಲಿಗೇರಿಸಿದರು.

ಗಡಿ

ಪರದೇಶ ಅಂದರೆ ಏನೋ ಇರುತ್ತದೆ ಎಂದುಕೊಂಡಿದ್ದೆ. ಗಡಿಯ ಈಚೆಗಿನ ರಕ್ಸೌಲಿನಲ್ಲಿ ಟಾಂಗಾ ಹತ್ತಿದೆವು, ಒಂದು ಕಮಾನು ದಾಟಿದೆವು, ಪರದೇಶ ಬಂತು. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತುವುದಕ್ಕೆ ಇದಕ್ಕಿಂತ ಹೆಚ್ಚು ಗುದ್ದಾಡಬೇಕು. ನಮ್ಮ ಮನೆಯವರಿಗೆ ಆಗಿದ್ದು ಒಂದೇ ತೊಂದರೆ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದಿದೆ. ಆ ಕಾಲು ತಾಸು ಎಲ್ಲಿ ಹೋಯಿತು ಎಂದು ಅವರು ದಾರಿಯುದ್ದಕ್ಕೂ ಚಿಂತೆ ಮಾಡಿದರು.

ಚೀಲ ತಪಾಸಣೆ ಮಾಡುವವನು ಜೋಳದೊಳಗೆ ಮೊಣಕೈವರೆಗೆ ಕೈ ಇಳಿಸಿ, ಬೀಜವೋ ಎಂದು ಕೇಳಿದ. ರೊಟ್ಟಿಗೆ ಎಂದೆ. ಹಾಗಾದರೆ ಹಿಟ್ಟನ್ನೇ ತರಬಹುದಿತ್ತಲ್ಲ ಎಂದ. ಇವನೂ ನಮ್ಮ ಮನೆಯವರ ಪಂಗಡದವನೇ! ಹಳೇ ಹಿಟ್ಟಿನ ರೊಟ್ಟಿ ಯಾಕೆ ಹರಿಯುತ್ತದೆ ಎಂದು ಅವನಿಗೆ ನನ್ನ ಉರ್ದುವಿನಲ್ಲಿ ವಿವರವಾಗಿ ತಿಳಿಸಿದೆ. ಹಿಂದಿನ ಸಾಲು ಬೆಳೆಯುತ್ತಿತ್ತು. ಕೊನೆಗೆ ಅವನೇ ಕೈಮುಗಿದು ಹೋಗಿ ಎಂದ.

ಮುಂದಿನ ಪೇಟೆಯಲ್ಲಿ ಚಹಾ ಕುಡಿಯಲು ಕೂತಾಗ ಕರೆಂಟು ಹೋಯಿತು. ತುಸು ಹೊತ್ತಿಗೆ ಬಂತು. ಬಲ್ಬು ಹತ್ತಿದ್ದೇ ತಡ, ನಾನು "ಬಂತೂ!" ಎಂದು ಚೀರಿ ಎದ್ದು ಓಡಿದೆ. ಕೈಯಲ್ಲಿದ್ದ ಚಹಾ ಪಕ್ಕದ ಗೃಹಸ್ಥನ ಟೊಪ್ಪಿಗೆಯ ಮೇಲೆ ಹೋಯಿತು. ಹೊರಗೆ ಬಂದ ಮೇಲೆ ನೆನಪಾಯಿತು, ಒತ್ತಲು ಇಲ್ಲಿ ನನ್ನ ಸ್ಟಾರ್ಟರ್ ಇಲ್ಲ. ಆ ಮನುಷ್ಯ ಟೊಪ್ಪಿಗೆ ಹಿಂಡುತ್ತ ನಕ್ಕ. ಒಂದಾನೊಂದು ಕಾಲದಲ್ಲಿ ಅವರಲ್ಲೂ ದಿನದ ಬಹುಪಾಲು ಕತ್ತಲೆಯೇ ಇತ್ತಂತೆ, ಅವನ ಹೆಂಡತಿಯೂ ಹೀಗೇ ಓಡುತ್ತಿದ್ದಳಂತೆ. ನಾನು ನಗಲಿಲ್ಲ. ದೇಶ ಬಿಟ್ಟು ಬಂದರೂ ಬಿಡದ ಈ ಓಟವನ್ನು ನನಗೆ ಕಲಿಸಿದವರ ಮೇಲೆ ಉರಿದುಹೋಯಿತು.

ತಮ್ಮನ ಊರು

ಊರಿನ ಹೆಸರು ಹೇಳುವುದಿಲ್ಲ. ಒಂದು ಹಳ್ಳ, ಹಳ್ಳದ ಮೇಲೆ ಏರು, ಏರಿನ ಮೇಲೆ ಕಲ್ಲಿನ ಮನೆಗಳು. ಮನೆಗಳ ಹಿಂದೆ ನಮ್ಮೂರಿನಂಥದ್ದೇ ಟವರು. ಅದನ್ನು ಕಂಡ ಕೂಡಲೇ ನನಗೆ ಹಗೆಯ ಮುಖ ಕಂಡ ಹಾಗಾಯಿತು.

ತಮ್ಮ ರಾಜ್ಯಾ ಎದುರಿಗೆ ಬಂದ. ತಲೆಯ ಮೇಲೆ ಹಳದಿ ಹೆಲ್ಮೆಟ್. ಅದು ಇಲ್ಲದೆ ಕೆಲಸದ ಜಾಗಕ್ಕೆ ಕಾಲಿಡುವಂತಿಲ್ಲ. ಅವನಿಗೆ ರೂಢಿಯಾಗಿ ಉಣ್ಣುವಾಗಲೂ ತೆಗೆಯುವುದಿಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಬುಟ್ಟಿಗಳು ಕಂಡವು.

ಬೆನ್ನ ಮೇಲೆ ಹೊರುವ ಬಿದಿರಿನ ಬುಟ್ಟಿಗಳು, ಒಂದರ ಹಿಂದೊಂದು, ಹಳ್ಳದ ದಂಡೆಯಿಂದ ಊರೊಳಗೆ ಹಾದು ಟವರಿನ ಬುಡದವರೆಗೆ ದಾರಿ ತುಂಬ ಸಾಲಾಗಿ ಕೂತಿದ್ದವು. ಒಳಗೆ ಮೆಕ್ಕೆಜೋಳ, ರಾಗಿ, ಹುರುಳಿ. ಹತ್ತಿರ ಯಾರೂ ಇರಲಿಲ್ಲ. ನನಗೆ ಜೀವಕ್ಕೆ ತಂಪಾಯಿತು. "ನೋಡ್ರಿ, ನಾ ಹೇಳಲಿಲ್ಲೇನು? ಗಿರಣಿ ಐತಿ! ಇಟ್ಟು ಬರ್ರಿ ನಮ್ಮ ಚೀಲಾನೂ" ಎಂದೆ.

ರಾಜ್ಯಾ ನೆಲ ನೋಡುತ್ತ ಹೇಳಿದ, "ಅಕ್ಕಾ, ಕೆಲಸ ನಿಂತದ್ದ ಇದರ ಸಲುವಾಗಿ."

ತಂತಿ ಎಳೆಯುವ ಮಶೀನು ಆ ದಾರಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಹೆಂಗಸರು ಯಾರನ್ನೂ ತಡೆದಿಲ್ಲ, ಘೋಷಣೆ ಕೂಗಿಲ್ಲ. ಗಿರಣಿಯ ಮುಂದೆ ಪಾಳಿ ಹಚ್ಚಿದ್ದೇವೆ, ಗಿರಣಿ ಶುರುವಾದರೆ ಪಾಳಿ ತಾನೇ ಕರಗುತ್ತದೆ ಅನ್ನುತ್ತಾರಂತೆ. ಸ್ಥಳದ ಕೂಲಿಗಳು ಕಾಳು ಮುಟ್ಟಲು ಒಪ್ಪಿಲ್ಲ. ಕಂಪನಿಯ ಸಾಹೇಬ ಫೋರ್‌ಮನ್ ಆದ ಇವನಿಗೇ ಹೇಳಿದ್ದಾನೆ, ನೀನೇ ಎತ್ತಿಡು ಎಂದು.

"ಎತ್ತಿಡಬೇಕಿಲ್ಲೋ?"

"ಪಾಳಿ ಮುರಿಯಾಕ ನನ್ನ ಕೈಲೆ ಆಗೂದಿಲ್ಲಬೇ."

ನಾನೇ ಕಲಿಸಿದ ಪಾಠ ನನಗೇ ತಿರುಗಿ ಬಿತ್ತು.

ದಿಲ್‌ಮಾಯಾ

ಗಿರಣಿಯವಳ ಹೆಸರು ದಿಲ್‌ಮಾಯಾ. ನನ್ನ ವಾರಿಗೆಯವಳು. ಗಂಡ ಮೊದಲು ನಮ್ಮ ದೇಶದಲ್ಲಿ ಕಾವಲುಗಾರನಾಗಿದ್ದನಂತೆ, ಹಾಗಾಗಿ ಅವಳಿಗೆ ಹಿಂದಿ ಬರುತ್ತದೆ. ಗಿರಣಿ ಹಳ್ಳದ ದಂಡೆಯಲ್ಲಿದೆ. ನೀರಿನ ರಭಸಕ್ಕೆ ಕೆಳಗೆ ಮರದ ಚಕ್ರ ತಿರುಗಿ, ಮೇಲೆ ಕಲ್ಲು ತಿರುಗುತ್ತಿತ್ತು. ಕರೆಂಟೂ ಬೇಡ, ಬಿಲ್ಲೂ ಬೇಡ. ಈಗ ಹಳ್ಳದಲ್ಲಿ ಬಟ್ಟೆ ತೋಯುವಷ್ಟೂ ನೀರಿಲ್ಲ. ನೀರನ್ನೆಲ್ಲ ಮೇಲೇ ಸುರಂಗಕ್ಕೆ ತಿರುಗಿಸಿ ಕರೆಂಟು ಮಾಡುತ್ತಾರೆ.

ನಾನು ಗಿರಣಿಯವಳು. ಕಲ್ಲು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೇಲಿನ ಕಲ್ಲು ಎತ್ತಿಸಿ ಹೆಬ್ಬೆರಳು ಆಡಿಸಿದೆ. ಕಚ್ಚುಗಳು ಚೂಪಾಗಿದ್ದವು, ಮೊನ್ನೆ ಮೊನ್ನೆ ಉಳಿ ಹೊಡೆದ ಹಾಗೆ.

"ನೀರೇ ಇಲ್ಲದಾಗ ಕಲ್ಲಿಗೆ ಯಾಕೆ ಉಳಿ ಹಾಕ್ತೀಯಾ?" ಎಂದು ಕೇಳಿದೆ.

"ಬಿಟ್ಟರೆ ಕಲ್ಲು ಮೊಂಡಾಗುತ್ತದಲ್ಲ, ದೀದಿ" ಎಂದಳು.

ಮೂಲೆಯಲ್ಲಿ ಒಂದು ಹೊಸ ಕರೆಂಟಿನ ಗಿರಣಿ ನಿಂತಿತ್ತು. ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿಲ್ಲ, ಅದರ ಮೇಲೊಂದು ಕೆಂಪು ರಿಬ್ಬನ್ನು. ನೀರು ತೆಗೆದುಕೊಂಡವರು ಬದಲಿಗೆ ಕೊಟ್ಟದ್ದಂತೆ. ಬಂದು ರಿಬ್ಬನ್ನು ಕಟ್ಟಿ, ದಿಲ್‌ಮಾಯಾಳನ್ನು ಪಕ್ಕ ನಿಲ್ಲಿಸಿ ಫೋಟೊ ತೆಗೆಸಿಕೊಂಡು ಹೋದರಂತೆ. ಊರಿಗೆ ಇರುವುದು ದೀಪದ ಕರೆಂಟು ಮಾತ್ರ. ತ್ರೀ ಫೇಸ್ ಕೊಡಬೇಕಾದ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರು, ಇವತ್ತು ಬರುತ್ತದೆ ನಾಳೆ ಬರುತ್ತದೆ ಅನ್ನುವಷ್ಟರಲ್ಲಿ ಟವರೇ ಬಂತು. ಎತ್ತು ಕಸಿದುಕೊಂಡು ಬರೀ ನೊಗ ಕೊಟ್ಟ ಹಾಗೆ. ಮನೆಮನೆಯಲ್ಲಿ ಹೆಂಗಸರು ಬೀಸುಕಲ್ಲು ತಿರುವಿ ಉಣ್ಣುತ್ತಿದ್ದಾರೆ. ಆ ರಿಬ್ಬನ್ನು ನೋಡಿ ನನಗೆ ಬಂದ ಸಿಟ್ಟನ್ನು ಯಾವ ಭಾಷೆಯಲ್ಲಿ ಆಡಲಿ ಎಂದು ತಿಳಿಯಲಿಲ್ಲ. ಕನ್ನಡದಲ್ಲೇ ಆಡಿದೆ. ದಿಲ್‌ಮಾಯಾಳಿಗೆ ಅರ್ಥವಾಯಿತು ಅನ್ನಿಸುತ್ತದೆ, ಕೈ ಹಿಡಿದು ಕೂರಿಸಿದಳು.

ಸಾಹೇಬನ ಡೇರೆ

ಡೇರೆಯೊಳಗೆ ಎರಡು ದೇಶಗಳ ಬಾವುಟ ಅಕ್ಕಪಕ್ಕ ಇದ್ದ ಒಂದು ದೊಡ್ಡ ಚಿತ್ರ. ಸಾಹೇಬ ನಮ್ಮ ದೇಶದವನೇ, ಮಾತು ಬಹಳ ಸಭ್ಯ. ಬಿಸ್ಕೀಟು ಕೊಟ್ಟು ವಿವರಿಸಿದ. ಮಳೆಗಾಲದಲ್ಲಿ ಇವರ ಹೊಳೆಗಳು ತುಂಬುತ್ತವೆ, ಕರೆಂಟು ಮಿಗುತ್ತದೆ, ನಾವು ಕೊಳ್ಳುತ್ತೇವೆ. ಚಳಿಗಾಲದಲ್ಲಿ ಇವರಿಗೆ ಸಾಲದು, ನಾವು ಕೊಡುತ್ತೇವೆ. ಇದು ನೆರೆಹೊರೆಯವರ ಸಹಕಾರ.

ಅದರಲ್ಲಿ ತಪ್ಪೇನಿದೆ? ನಾನೂ ಪಕ್ಕದ ಮನೆಗೆ ಹೆಪ್ಪು ಕೊಡುತ್ತೇನೆ, ಬೆಲ್ಲ ಇಸಿದುಕೊಳ್ಳುತ್ತೇನೆ. ಆದರೆ ಹೆಪ್ಪು ಕೊಡುವಾಗ ನನ್ನ ಮನೆಯ ಮಕ್ಕಳ ಬಟ್ಟಲಿನ ಹಾಲನ್ನು ಕಸಿದು ಕೊಡುವುದಿಲ್ಲ.

"ಈ ಊರಿಗೆ ಒಂದು ಟಿ.ಸಿ. ಕೊಡಲು ಏನು ಅಡ್ಡಿ?" ಎಂದೆ.

"ಅದು ನಮ್ಮ ಕೆಲಸದಲ್ಲಿ ಬರುವುದಿಲ್ಲ ಅಮ್ಮ. ಊರಿಗೆ ಹಂಚುವವರು ಬೇರೆ. ಈ ಕರೆಂಟು ಇವರಿಗಲ್ಲ, ಮುಂದೆ ಹೋಗುತ್ತದೆ."

ಮುಂದೆ! ಅದೇ ಮಾತು. ಮೊರಬದಲ್ಲಿ ಕೇಳಿ ಕೇಳಿ ಕಿವಿ ತೂತಾದ ಮಾತನ್ನು ಗಡಿ ದಾಟಿ, ಗುಡ್ಡ ಹತ್ತಿ ಬಂದು ಮತ್ತೆ ಕೇಳಿದೆ. ಇಲ್ಲಿಂದ ಮುಂದೆ ಅಂದರೆ ನಾವು. ದಿಲ್‌ಮಾಯಾಳ ಹಳ್ಳ ಬತ್ತಿಸಿ ತೆಗೆದ ಕರೆಂಟು ಬರುವುದು ನಮ್ಮ ಕಡೆಗೆ. ನಮ್ಮ ಕಡೆ ಕೇಳಿದರೆ ಅದು ಇನ್ನೂ ಮುಂದೆ. ಈ ಮುಂದೆ ಎಂಬ ಊರಿನಲ್ಲಿ ಯಾರಿದ್ದಾರೆ? ಅವರ ಗಿರಣಿ ಎಷ್ಟು ದೊಡ್ಡದು? ಎಲ್ಲರ ಪಾಲನ್ನೂ ಬೀಸಿಕೊಂಡರೂ ಅವರ ಬುಟ್ಟಿ ತುಂಬುವುದಿಲ್ಲವೇ?

ಇಷ್ಟೆಲ್ಲ ಬಾಯಿಗೆ ಬಂದಿತ್ತು. ಆದರೆ ಆಗ ಸಾಹೇಬ ಇನ್ನೊಂದು ಮಾತು ಹೇಳಿದ. "ನೀವೂ ಗಿರಣಿಯವರು, ಆಕೆ ನಿಮ್ಮ ಮಾತು ಕೇಳುತ್ತಾಳೆ. ಬುಟ್ಟಿ ಎತ್ತಿಸಿಬಿಡಿ. ತಂತಿ ಎಳೆದ ಕೂಡಲೇ ತಮ್ಮನಿಗೆ ಸೂಟಿ. ಮದುವೆಗೆ ಕರೆದುಕೊಂಡು ಹೋಗಿ."

ಶಬಾನಾ ಕಣ್ಣ ಮುಂದೆ ಬಂದಳು. ಹೊರಗೆ ರಾಜ್ಯಾ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ನಾನು ನೆಟ್ಟಗೆ ದಿಲ್‌ಮಾಯಾಳ ಮನೆಗೆ ನಡೆದೆ. ಹೌದು, ಕೇಳಲೆಂದೇ ನಡೆದೆ. ತಾಯಿಯಾದವಳು ಮತ್ತೇನು ಮಾಡುತ್ತಾಳೆ?

ಪಾಳಿ

ದಿಲ್‌ಮಾಯಾಳಿಗೆ ಮದುವೆಯ ವಿಷಯ ಹೇಳಿದೆ, ವಕೀಲನ ವಿಷಯ ಹೇಳಿದೆ. ಇವನಿಲ್ಲದಿದ್ದರೆ ನನ್ನ ಮಗಳನ್ನು ಕೇಳುವವರು ಯಾರು ಎಂದೆ. ಅವಳು ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ. ಜಗಳಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ.

ಅವಳು ಕೇಳಿದ್ದು ಒಂದೇ. "ನಿಮ್ಮಲ್ಲಿ ಹುಡುಗಿಯನ್ನು ಒಪ್ಪಿಗೆಯಾ ಅಂತ ಕೇಳ್ತಾರಾ?"

"ಮೂರು ಸಲ ಕೇಳ್ತಾರೆ."

"ನಮ್ಮನ್ನು ಒಂದು ಸಲವೂ ಕೇಳಲಿಲ್ಲ, ದೀದಿ" ಎಂದಳು. ಅದನ್ನು ದೂರಿನಂತೆ ಹೇಳಲಿಲ್ಲ, ಮಳೆ ಬರಲಿಲ್ಲ ಅಂದ ಹಾಗೆ ಹೇಳಿದಳು. ಆಮೇಲೆ ಎದ್ದು ಓಣಿಗೆ ಹೋಗಿ ಕೂಗಿದಳು. ಹೆಂಗಸರು ಹೊರಗೆ ಬಂದರು. ಏನೋ ಹೇಳಿದಳು. ನನಗೆ ತಿಳಿದದ್ದು ಮದುವೆಯ ಮಾತು ಮಾತ್ರ. ಅವರು ತಲೆಯಾಡಿಸಿ, ನನ್ನ ಕಡೆ ನೋಡಿ ನಕ್ಕು, ಬುಟ್ಟಿಗಳಿಗೆ ಕೈ ಹಾಕಿದರು. ಟವರಿನ ಬುಡದ ಕೊನೆಯ ಬುಟ್ಟಿಯನ್ನು ಒಬ್ಬ ಮುದುಕಿ ಆಗಲೇ ಬೆನ್ನಿಗೆ ಏರಿಸಿಕೊಂಡಿದ್ದಳು.

ಡೇರೆಯ ಬಾಗಿಲಲ್ಲಿ ಸಾಹೇಬ ನಿಂತಿದ್ದ. ಮುಖದ ತುಂಬ ಸಮಾಧಾನ. ಆ ಸಮಾಧಾನ ಕಂಡಾಗ ನನ್ನ ಮೈಯೆಲ್ಲ ಹೊತ್ತಿಕೊಂಡಿತು. ಇಷ್ಟು ದಿನ ಯಾವ ಪೊಲೀಸನೂ, ಯಾವ ಕಂಪನಿಯೂ ಮಾಡಲಾಗದ್ದನ್ನು ಮೊರಬದ ಗಿರಣಿಯವಳು ಮಾಡಿಬಿಟ್ಟಳು! ಮದುವೆಯ ಹೆಸರಿನಲ್ಲಿ ಈ ಬಡ ಹೆಂಗಸರ ಕೈಯಿಂದಲೇ ಅವರ ಪಾಳಿ ಮುರಿಸಿದಳು!

"ಏಯ್! ಇಡ್ರಿ ಕೆಳಗ!" ಎಂದು ಚೀರಿದೆ. ಹೇಳಿದ್ದು ಕನ್ನಡದಲ್ಲಿ. ಆ ಮುದುಕಿ ಗಾಬರಿಯಾಗಿ ಬುಟ್ಟಿ ಇಳಿಸಿದಳು. "ಒಬ್ಬಾಕಿ ಮುಟ್ಟಬ್ಯಾಡ್ರಿ! ರೀ, ಆ ಜ್ವಾಳದ ಚೀಲಾ ತರ್ರಿ."

ನಮ್ಮ ಮನೆಯವರು ಈ ಸಲ "ಹೋಗ್ಲಿ ಬಿಡ" ಅನ್ನಲಿಲ್ಲ. ಚೀಲವನ್ನು ಹೊತ್ತು ತಂದು, ಎಲ್ಲಿ ಎಂದು ಕಣ್ಣಿನಲ್ಲೇ ಕೇಳಿದರು. ಸಾಲಿನ ಕೊನೆಗೆ, ಆ ಮುದುಕಿಯ ಬುಟ್ಟಿಯ ಹಿಂದೆ, ಟವರಿನ ಕಾಲಿಗೆ ತಾಗಿಸಿ ಇಡಿಸಿದೆ. ಸಾಹೇಬನಿಗೆ ಅವನ ಭಾಷೆಯಲ್ಲಿ ಹೇಳಿದೆ, "ನಮ್ಮದೂ ಪಾಳಿ ಹಚ್ಚಿದ್ದೇನೆ. ಮೊರಬದಿಂದ ತಂದ ಜೋಳ. ಬೀಸಿಕೊಟ್ಟ ಮೇಲೆ ನಿಮ್ಮ ಮಶೀನು ತನ್ನಿ."

"ನಿಮ್ಮ ತಮ್ಮನ ಸೂಟಿ?" ಎಂದ.

ತಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವನು ಮಾತ್ರ ಹಿಂದಿನಿಂದ, "ಅಕ್ಕಾ, ಶಬಾನಾಗ ನಾ ಫೋನ್ ಮಾಡಿ ಹೇಳ್ತೀನಿ. ನೀ ಹೇಳಬ್ಯಾಡ" ಎಂದ.

ಮತ್ತೆ ಮೊರಬ

ನಿಕಾಹ ಆಯಿತು. ನಮ್ಮ ಮೈದುನ ವಕೀಲನಾದ. ಒಳಗೆ ಬಂದು ಶಬಾನಾಳನ್ನು ಕೇಳಿದ. ಮೊದಲ ಸಲ ಅವಳು ಮಾತಾಡಲಿಲ್ಲ. ಎರಡನೇ ಸಲವೂ ಬಾಗಿಲ ಕಡೆ ನೋಡಿದಳು. ಮೂರನೇ ಸಲ ಹೂಂ ಅಂದಳು. ಹೊರಡುವಾಗ ನನ್ನನ್ನು ತಬ್ಬಿಕೊಂಡು, "ನೀ ಮಾಡಿದ್ದು ಬರೋಬರಿ ಐತಿ. ಆದ್ರೂ ಮಾಮಾ ಬರಬೇಕಿತ್ತು" ಎಂದಳು. ಎರಡೂ ನಿಜ. ನನ್ನ ಸಿಟ್ಟು ಇರುವುದೇ ಅಲ್ಲಿ. ಒಂದು ಟಿ.ಸಿ. ಕೊಟ್ಟಿದ್ದರೆ ಎರಡರಲ್ಲಿ ಯಾವುದನ್ನೂ ಅವಳು ಹೇಳಬೇಕಾಗಿರಲಿಲ್ಲ.

ಬೀಗರು ಹೋದ ಮೇಲೆ ರಾಜ್ಯಾ ಫೋನು ಮಾಡಿದ.

"ಅಕ್ಕಾ, ಇವತ್ತ ರೊಟ್ಟಿ ಉಂಡ್ನಿ."

"ಟಿ.ಸಿ. ಬಂತೇನೋ?" ನಾನು ನಿಂತಲ್ಲೇ ಕುಣಿದೆ.

"ಇಲ್ಲಬೇ. ಮದುವಿ ದಿನಾನೂ ಸೋದರಮಾವ ಬರೀ ಅನ್ನ ಉಣಬಾರದು ಅಂತ ಹೇಳಿ ದಿಲ್‌ಮಾಯಾ ಮತ್ತ ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿ ನಿನ್ನ ಜ್ವಾಳ ಬೀಸುಕಲ್ಲಿನಾಗ ಬೀಸಿ ಕೊಟ್ರು. ರೊಟ್ಟಿ ನಾನ ಬಡದೆ. ಒಂದೂ ಹರೀಲಿಲ್ಲ."

ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. "ನನ್ನ ಸಲುವಾಗಿ ಪಾಳಿ ಮುರಿದ್ರೇನೋ! ಅವರ ಬುಟ್ಟಿ ಹಂಗ ಕುಂತಾವು, ಹಿಂದ ಬಂದ ನನ್ನ ಚೀಲ ಮುಂದ ಹೋತೇನು? ನೀ ಹೆಂಗ ಸುಮ್ನಿದ್ದಿ?"

"ಮನಿಗೆ ಬಂದವರಿಗೆ ಪಾಳಿ ಇಲ್ಲ ಅಂದ್ರಬೇ. ನನ್ನ ಮಾತ ಕೇಳಲಿಲ್ಲ."

"ಮತ್ತ ಆ ಜಾಗಾ? ಟವರಿನ ಬುಡದಾಗ ನಂದಿತ್ತಲ್ಲ, ಆ ಜಾಗಾ ಖಾಲಿ ಬಿಟ್ಟಿಯೇನು?"



"ಇಲ್ಲಕ್ಕಾ. ಅಲ್ಲೆ ನನ್ನ ಹೆಲ್ಮೆಟ್ ಇಟ್ಟೀನಿ."